ಕೊಟ್ಟಿಗೆಯ ಕೆಲಸಕ್ಕೆ ಯಾವ ಕೋಡ್?

ಪುಟ್ಟಿ,

ಅರ್ಥಶಾಸ್ತ್ರದಲ್ಲೇ ಮುಂದುವರಿದು ಪಿಎಚ್‌.ಡಿ.ವರೆಗೂ ಹೋಗ್ತೀನಿ ಅಂತ ನೀನು ಹಟ ಹಿಡಿದಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳುವಾಗ ಅರ್ಧ ಹೆಮ್ಮೆ, ಅರ್ಧ ಗಾಬರಿ. ಅವಳ ಗಾಬರಿಯನ್ನು ನಾನು ನೋಡಿಕೊಳ್ಳುತ್ತೇನೆ. ಆದರೆ ಡಿಗ್ರಿ ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡಿ ರಿಟೈರ್ ಆದ ದೊಡ್ಡಮ್ಮ ಇರುವಾಗ ನಾಲ್ಕು ಮಾತು ಕೇಳದೆ ನಿನಗೆ ಗತಿಯಿಲ್ಲ.

ಬಿ.ಎ., ಎಂ.ಎ., ಪಿಎಚ್‌.ಡಿ. ಅಂದರೆ ಅದೇ ಪಾಠವನ್ನು ಇನ್ನಷ್ಟು ದಪ್ಪ ಪುಸ್ತಕದಲ್ಲಿ ಓದುವುದು ಅಂತ ಬಹಳ ಜನ ತಿಳಿದಿರುತ್ತಾರೆ. ಹಾಗೆ ತಿಳಿದು ಹೋದವರೇ ಎಂ.ಎ. ಮೊದಲ ಸೆಮಿಸ್ಟರಿನಲ್ಲಿ ಕಣ್ಣುಕಣ್ಣು ಬಿಡುವುದು. ಮೂರೂ ಬೇರೆ ಬೇರೆ ಕೆಲಸ ಕಣೇ. ನಿಮ್ಮ ಮನೆಯ ಕೊಟ್ಟಿಗೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ನಿಮ್ಮಮ್ಮ ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹುಲ್ಲು ಹಾಕಿ, ಹಾಲು ಕರೆದು ಕ್ಯಾನ್ ಹಿಡಿದು ಡೇರಿಗೆ ಹೋಗುತ್ತಾಳೆ. ಅಲ್ಲಿ ಫ್ಯಾಟ್ ನೋಡಿ ಲೀಟರ್ ಬರೆದುಕೊಳ್ಳುತ್ತಾರೆ. ಪಾಸ್‌ಬುಕ್ ಮಾತ್ರ ನಿಮ್ಮಪ್ಪನ ಹೆಸರಲ್ಲಿ. ಈಗ ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ಪಿಎಲ್‌ಎಫ್‌ಎಸ್ ಎಂಬ ಉದ್ಯೋಗ ಸಮೀಕ್ಷೆಯವರು ನಿಮ್ಮ ಜಗುಲಿಗೆ ಬಂದರು ಅಂದುಕೋ. ‘ನಿಮ್ಮ ಮನೆಯವರು ಏನು ಮಾಡ್ತಾರೆ?’ ಅಂತ ಕೇಳುತ್ತಾರೆ. ನಿಮ್ಮಪ್ಪ, ‘ಮನೇಲೇ ಇರ್ತಾಳೆ’ ಅನ್ನುತ್ತಾನೆ. ನಮೂನೆಯಲ್ಲಿ 92 ಬಿತ್ತು. ಅಂದರೆ ಮನೆಗೆಲಸ ಮಾತ್ರ, ದುಡಿಯುವವಳಲ್ಲ. ಬಂದವರು ಸ್ವಲ್ಪ ಚುರುಕಾಗಿದ್ದು, ‘ಹಸು ನೋಡ್ಕೊಳ್ಳೋರು ಯಾರು?’ ಅಂತ ಇನ್ನೊಂದು ಪ್ರಶ್ನೆ ಹಾಕಿದರೆ 21 ಬೀಳುತ್ತದೆ. ಅದು ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ದುಡಿಯುವವರ ಕೋಡ್. ಮುಖ್ಯ ಕಸುಬು ಮನೆಗೆಲಸ ಅಂತ ಬರೆದ ಮೇಲೂ, ವರ್ಷದಲ್ಲಿ 30 ದಿನಕ್ಕೆ ಕಡಿಮೆಯಿಲ್ಲದೆ ಮಾಡಿದ ಉಪಕಸುಬು ಯಾವುದಾದರೂ ಇದೆಯಾ ಅಂತ ಕೇಳಲೇಬೇಕೆಂಬ ನಿಯಮವೂ ಇದೆ. ಕೊನೆಗೆ ಯಾವ ಕೋಡ್ ಬೀಳುತ್ತದೆ ಅನ್ನುವುದು ಕೇಳುವವರು, ಹೇಳುವವರು ಇಬ್ಬರ ಮೇಲೂ ನಿಂತಿದೆ.

ಮನೆಮನೆಯ ಇಂಥ ಕೋಡುಗಳನ್ನೆಲ್ಲ ಕೂಡಿಸಿದಾಗ, ದೇಶದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ದುಡಿಮೆಯಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಸೇರಿ 2017–18ರಲ್ಲಿ ಶೇ. 23.3 ಇದ್ದರು. ಇದೇ ಸಮೀಕ್ಷೆಯ ಪ್ರಕಾರ 2023–24ರಲ್ಲಿ ಶೇ. 41.7 ಆದರು. ಆರು ವರ್ಷದಲ್ಲಿ ಇಷ್ಟೊಂದು!

ಬಿ.ಎ.ಯಲ್ಲಿ ನೀನು ‘ಶ್ರಮಶಕ್ತಿ ಭಾಗವಹಿಸುವಿಕೆ ದರ ಎಂದರೇನು?’ ಅನ್ನುವುದಕ್ಕೆ ಹತ್ತು ಅಂಕದ ಉತ್ತರ ಬರೆಯುತ್ತೀಯ, ಮೇಲಿನ ಎರಡು ಅಂಕಿಯನ್ನೂ ಸೇರಿಸುತ್ತೀಯ. ಅಷ್ಟು ಸಾಕು, ಫಸ್ಟ್ ಕ್ಲಾಸ್ ಬರುತ್ತದೆ. ಎಂ.ಎ.ಯಲ್ಲಿ ಆ ಶೇ. 41.7 ಎಲ್ಲಿಂದ ಬಂತು ಅಂತ ನೀನೇ ಲೆಕ್ಕ ಹಾಕಿ ನೋಡಬೇಕು. ಸಮೀಕ್ಷೆಯ ಕಡತ ಅಂಕಿಅಂಶ ಸಚಿವಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ತೆರೆದರೆ ಬರೀ ಅಂಕಿಗಳ ಸಾಲು, ತಲೆಬರಹವೂ ಇರುವುದಿಲ್ಲ. ಎಷ್ಟನೇ ಸ್ಥಾನದ ಅಂಕಿ ವಯಸ್ಸು, ಎಷ್ಟನೆಯದು ಕಸುಬಿನ ಕೋಡ್ ಅಂತ ಬೇರೊಂದು ಲೇಔಟ್ ಕಡತ ನೋಡಿ ಬಿಡಿಸಿಕೊಳ್ಳಬೇಕು. ಆಮೇಲೆ ಮಲ್ಟಿಪ್ಲೈಯರ್ ಅಂತ ಒಂದಿರುತ್ತದೆ: ಸಮೀಕ್ಷೆಗೆ ಸಿಕ್ಕ ಒಬ್ಬೊಬ್ಬರೂ ದೇಶದ ಎಷ್ಟು ಜನರ ಪರವಾಗಿ ನಿಂತಿದ್ದಾರೆ ಎಂಬ ತೂಕ. ಅದನ್ನು ಹಾಕದೆ ಸರಾಸರಿ ತೆಗೆದರೆ ಉತ್ತರ ದಿಕ್ಕೆಟ್ಟು ಹೋಗುತ್ತದೆ. ಹಾಕದೆ ಪ್ರಬಂಧ ಬರೆದು, ಸೆಮಿನಾರಿನಲ್ಲಿ ಓದಿ, ಸರ್ಟಿಫಿಕೇಟ್ ತಂದವರನ್ನೂ ನಾನು ಕಂಡಿದ್ದೇನೆ, ಆ ಮಾತು ಇರಲಿ.

ಪಿಎಚ್‌.ಡಿ.ಯ ಪ್ರಶ್ನೆ ಇನ್ನೊಂದು. ಏರಿದ್ದು ಹೆಂಗಸರ ದುಡಿಮೆಯೋ, ಹಿಂದೆ 92ರಲ್ಲಿ ಇದ್ದವರು ಈಗ 21ಕ್ಕೆ ಬಂದಿದ್ದಾರೋ? ಬಡತನದ ಒತ್ತಡಕ್ಕೆ ದುಡಿಮೆಗೆ ಇಳಿದರೋ, ಅವಕಾಶ ಸಿಕ್ಕಿ ಇಳಿದರೋ? ಇದಕ್ಕೆ ಪುಸ್ತಕದ ಹಿಂದೆ ಉತ್ತರವಿಲ್ಲ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸುವ ಉಪಾಯವನ್ನು ನೀನೇ ಹುಡುಕಬೇಕು, ಬೇರೆಯವರು ಅದರ ತಪ್ಪು ಹುಡುಕುವಾಗ ನಿಂತು ಉತ್ತರ ಕೊಡಬೇಕು. ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ನೊಬೆಲ್ ಬಂದದ್ದು ಇಂಥದ್ದೇ ಕೆಲಸಕ್ಕೆ. ಅಮೆರಿಕದ ಹಳೆಯ ದಾಖಲೆಗಳಲ್ಲಿ ಗಂಡನ ಜೊತೆ ಹೊಲದಲ್ಲಿ ದುಡಿಯುತ್ತಿದ್ದ ಹೆಂಗಸಿನ ಉದ್ಯೋಗದ ಕಲಮಿನಲ್ಲಿ ‘ಹೆಂಡತಿ’ ಅಂತಷ್ಟೇ ಬರೆದಿರುತ್ತಿದ್ದರು. ಗೋಲ್ಡಿನ್ ಸುಮಾರು 200 ವರ್ಷದ ಕಾಗದಪತ್ರ ಜಾಲಾಡಿ ಆ ಲೆಕ್ಕವನ್ನು ತಿದ್ದಿದರು. ಬೇಸಾಯದ ಕಾಲದಲ್ಲಿ ಹೆಚ್ಚಿದ್ದ ಮದುವೆಯಾದ ಹೆಂಗಸರ ದುಡಿಮೆ ಕಾರ್ಖಾನೆಗಳು ಬಂದಾಗ ಇಳಿದು, ಸೇವಾ ವಲಯ ಬೆಳೆದಾಗ ಮತ್ತೆ ಏರಿತು ಅಂತ ತೋರಿಸಿದರು.

ಇನ್ನು ನಿನಗೆ ಇಷ್ಟವಾಗದ ಮಾತು. ಪಿಯುಸಿಯಲ್ಲಿ ಎಚ್‌ಇಪಿಎಸ್ ತಗೊಂಡೆ, ಎಸ್‌ಎಸ್‌ಎಲ್‌ಸಿಗೇ ಗಣಿತಕ್ಕೆ ಕೈಮುಗಿದೆ. ಅದನ್ನು ಈಗ ವಾಪಸ್ ಕರೆಯಬೇಕು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ, ಜೆಎನ್‌ಯುಗೆ ಎಂ.ಎ.ಗೆ ಸೇರಲು ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಐಐಟಿಗಳ ಜ್ಯಾಮ್ ಪರೀಕ್ಷೆಯಲ್ಲೂ ಅರ್ಥಶಾಸ್ತ್ರದ ಪೇಪರ್ ಇದೆ. ಕೋಲ್ಕತ್ತ ಮತ್ತು ದೆಹಲಿಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಎಸ್.ಕ್ಯು.ಇ. ಎಂಬ ಅರ್ಥಶಾಸ್ತ್ರದ ಸ್ನಾತಕೋತ್ತರ ಕೋರ್ಸಿಗಂತೂ ಪ್ರವೇಶ ಪರೀಕ್ಷೆಯ ತುಂಬಾ ಗಣಿತವೇ. ಹೆದರಬೇಡ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಗಣಿತದಲ್ಲಿ ಕಲನಶಾಸ್ತ್ರ, ಮ್ಯಾಟ್ರಿಕ್ಸ್, ಸಂಭವನೀಯತೆ ಇಷ್ಟನ್ನು ಒಂದೊಂದು ಲೆಕ್ಕವನ್ನೂ ಬಿಡದೆ ಮಾಡು. ಆಮೇಲೆ ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತದ ಬಗ್ಗೆ ಆಲ್ಫಾ ಚಿಯಾಂಗ್ ಅವರ ಪುಸ್ತಕ. ಓದುತ್ತಾ ಹೋದರೆ ಗಣಿತ ಬರುವುದಿಲ್ಲ. ಕಾಳು ಕುಟ್ಟಿದ ಹಾಗೆ ದಿನಾ ಕೂತು ಕೈಯಲ್ಲಿ ಮಾಡಬೇಕು. ಇಂಗ್ಲಿಷ್ ಪುಸ್ತಕ ಅಂತ ಅಳುಕಿದರೆ, ಸಾಧನೆಯ ಒಂದೊಂದು ಹೆಜ್ಜೆ ಯಾಕೆ ಬಂತು ಅಂತ ಅಂಚಿನಲ್ಲಿ ಕನ್ನಡದಲ್ಲೇ ಬರೆದುಕೋ. ಕನ್ನಡ ಮೀಡಿಯಂನಿಂದ ಬಂದು ಮೈಕ್ರೋದಲ್ಲಿ ಎಲ್ಲರಿಗಿಂತ ಹೆಚ್ಚು ತೆಗೆದ ಹುಡುಗಿಯರಿಗೆ ನಾನೇ ಪಾಠ ಮಾಡಿದ್ದೇನೆ.

ದೂರದ ಹೆಸರುಗಳಿಗೇ ಹೋಗಬೇಕೆಂದಿಲ್ಲ. ಮೈಸೂರು, ಧಾರವಾಡ, ಬೆಂಗಳೂರಿನಲ್ಲೂ ಎಂ.ಎ. ಮಾಡಬಹುದು. ಸೀಟು ತಗೊಳ್ಳುವ ಮುಂಚೆ ಸಿಲಬಸ್ ತರಿಸಿ ನೋಡು. ಎಕನಾಮೆಟ್ರಿಕ್ಸ್ ಕಡ್ಡಾಯವೋ, ಕಂಪ್ಯೂಟರಿನಲ್ಲಿ ಡೇಟಾ ಮೇಲೆ ಕೆಲಸ ಮಾಡಿಸುತ್ತಾರೋ ಅಂತ ಹಿಂದಿನ ವರ್ಷದವರನ್ನು ಕೇಳು. ಮಾಡಿಸದಿದ್ದರೆ ವುಲ್ಡ್ರಿಜ್ ಪುಸ್ತಕ ಹಿಡಿದು, ಪುಕ್ಕಟೆ ಸಿಗುವ ಆರ್ ಸಾಫ್ಟ್‌ವೇರ್ ಹಾಕಿಕೊಂಡು ನೀನೇ ಕಲಿ. ಗೈಡ್ ಪುಸ್ತಕ ಉರು ಹೊಡೆದು ತೆಗೆದ ರ್‍ಯಾಂಕು ನೆಟ್ ಪರೀಕ್ಷೆಯಲ್ಲಿ ಕೈಹಿಡಿಯುವುದಿಲ್ಲ.

ಪಿಎಚ್‌.ಡಿ. ವಿಷಯದಲ್ಲಿ ಮೊದಲು ಹೊಟ್ಟೆಪಾಡು ನೋಡು. ಜೆಆರ್‌ಎಫ್ ಎಂಬ ಫೆಲೋಶಿಪ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಅದಿಲ್ಲದೆ ಅಪ್ಪನ ಡೇರಿ ದುಡ್ಡಿನಲ್ಲಿ ಪಿಎಚ್‌.ಡಿ. ಮಾಡಲು ಹೊರಡಬೇಡ. ಎಲ್ಲಿ ಮಾಡುವುದು ಅಂದರೆ, ಬೆಂಗಳೂರಿನ ನಾಗರಬಾವಿಯಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಇದೆ, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ್ದು. ದೆಹಲಿ ಸ್ಕೂಲನ್ನು 1949ರಲ್ಲಿ ಕಟ್ಟಿದವರೂ ಅವರೇ. ಮುಂಬೈಯಲ್ಲಿ ರಿಸರ್ವ್ ಬ್ಯಾಂಕ್ 1987ರಲ್ಲಿ ಸ್ಥಾಪಿಸಿದ ಇಂದಿರಾಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಇದೆ. ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷ ಕೊಡಬಹುದು, 240 ದಿನದವರೆಗೆ ಹೆರಿಗೆ ಅಥವಾ ಮಗುವಿನ ಆರೈಕೆಯ ರಜೆಯೂ ಉಂಟು. ‘ಮದುವೆಯಾದ ಮೇಲೆ ಹೇಗೆ?’ ಅಂತ ಕೇಳುವ ನೆಂಟರಿಗೆ ಈ ಸಾಲನ್ನು ಬಾಯಿಪಾಠ ಒಪ್ಪಿಸು.

ಗೈಡ್ ಆರಿಸುವಾಗ ಅವರ ಹೆಸರು ಎಷ್ಟು ದೊಡ್ಡದು ಅಂತ ನೋಡಬೇಡ. ಅವರ ಕೈಕೆಳಗೆ ಮುಗಿಸಿದವರನ್ನು ಹುಡುಕಿ, ಎಷ್ಟು ವರ್ಷ ಹಿಡಿಯಿತು, ಕೊಟ್ಟ ಅಧ್ಯಾಯವನ್ನು ಅವರು ಓದುತ್ತಿದ್ದರಾ ಅಂತ ಕೇಳು. ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ ಎಂಟು ಜನರವರೆಗೆ ಇಟ್ಟುಕೊಳ್ಳಬಹುದು. ಎಂಟನೆಯವಳಾಗಿ ಸೇರುವ ಮುಂಚೆ ಎರಡು ಸಲ ಯೋಚಿಸು. ಸಿನಾಪ್ಸಿಸ್‌ಗೆ ‘ಕರ್ನಾಟಕದಲ್ಲಿ ಮಹಿಳಾ ಸಬಲೀಕರಣ: ಒಂದು ಅಧ್ಯಯನ’ ಅನ್ನುವಂಥ ಶೀರ್ಷಿಕೆ ಕೊಟ್ಟೆಯೋ, ನಾನೇ ಬಂದು ಹರಿದು ಹಾಕುತ್ತೇನೆ. ಒಂದು ಪ್ರಶ್ನೆ ಇರಲಿ, ಚಿಕ್ಕದಿರಲಿ, ಉತ್ತರ ‘ಇಲ್ಲ’ ಅಂತಲೂ ಬರಬಹುದಾದಂಥದ್ದಿರಲಿ.

ಅಮೆರಿಕದ ಆಸೆಯೂ ಇದೆ ಅಂದಳು ನಿಮ್ಮಮ್ಮ. ಅಲ್ಲಿಯ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌.ಡಿ.ಗೆ ಸೇರಿಸಿಕೊಂಡರೆ ಸಾಮಾನ್ಯವಾಗಿ ಫೀಸು ಬಿಟ್ಟು ಸ್ಟೈಪೆಂಡ್ ಕೊಡುತ್ತಾರೆ. ಐದಾರು ವರ್ಷ ಹಿಡಿಯುತ್ತದೆ, ಮೊದಲ ವರ್ಷದ ಮೈಕ್ರೋ, ಮ್ಯಾಕ್ರೋ, ಎಕನಾಮೆಟ್ರಿಕ್ಸ್ ಗಾಣಕ್ಕೆ ಕಟ್ಟಿದಂತೆ ದುಡಿಸುತ್ತವೆ. ನಮ್ಮ ರಾಜ್ಯದಲ್ಲಿ ಡಿಗ್ರಿ 2024–25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಮೂರು ವರ್ಷದ ಡಿಗ್ರಿಯನ್ನು ಅಲ್ಲಿ ಎಲ್ಲ ಕಡೆ ಒಪ್ಪುವುದಿಲ್ಲ, ಆದ್ದರಿಂದ ಎಂ.ಎ. ಮುಗಿಸಿಯೇ ಆ ಮಾತು.

ಎಂ.ಎ.ಗೇ ಸಾಕು ಅನ್ನಿಸಿದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಸಾಕು. ಕೆ-ಸೆಟ್ ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆ ಬರುತ್ತದೆ. ಪ್ರಶ್ನೆಯೊಂದು ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ ಮಾತ್ರ ಪಿಎಚ್‌.ಡಿ.

ಸಿಯುಇಟಿ-ಪಿಜಿ ಅರ್ಜಿ ವರ್ಷದ ಕೊನೆಯಲ್ಲೋ ಜನವರಿಯಲ್ಲೋ ಬಿಡುತ್ತಾರೆ, ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನದು ಅದಕ್ಕೂ ಆಮೇಲೆ. ಗಣಿತದ ಎರಡು ಪುಸ್ತಕ ನಿಮ್ಮಣ್ಣನ ಕೈಲಿ ಕಳಿಸಿದ್ದೇನೆ. ಈ ಭಾನುವಾರದೊಳಗೆ ಮೊದಲ ಅಧ್ಯಾಯದ ಲೆಕ್ಕ ಮಾಡಿ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡು, ತಪ್ಪಿದ್ದರೂ ಪರವಾಗಿಲ್ಲ.