ಮೊದಲ ಸಲ ತಲೆಕೆಳಗಾಗುವ ಮಗು

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಾಗಲಿ, ಬಸವಕಲ್ಯಾಣದ ಬಸವೇಶ್ವರ ಜಾತ್ರೆಯಲ್ಲಾಗಲಿ ಮಕ್ಕಳ ಕಣ್ಣು ಮೊದಲು ಹುಡುಕುವುದು ದೊಡ್ಡ ತೊಟ್ಟಿಲನ್ನು. ಹತ್ತು–ಹನ್ನೆರಡು ವರ್ಷ ದಾಟಿದರೆ ಅದೂ ಸಪ್ಪೆಯಾಗುತ್ತದೆ. ಆಮೇಲೆ ಶುರುವಾಗುವುದು ಹೈದರಾಬಾದಿನ ಹಟ. 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಜಹೀರಾಬಾದ್, ಸಂಗಾರೆಡ್ಡಿ ದಾಟಿದರೆ ಹೈದರಾಬಾದ್. ಅದರ ಅಂಚಿನ ರಾವಿರ್ಯಾಲದಲ್ಲಿ 2016ರಿಂದ ವಂಡರ್‌ಲಾ ಮನರಂಜನಾ ಪಾರ್ಕ್ ಇದೆ. ಅಲ್ಲಿನ ‘ರಿಕಾಯಿಲ್’ ರೋಲರ್ ಕೋಸ್ಟರ್ ಮೂರು ಕಡೆ ತಲೆಕೆಳಗಾಗಿಸಿ, ಸಾಲದೆಂಬಂತೆ ಅದೇ ಹಳಿಯ ಮೇಲೆ ಹಿಂದು ಹಿಂದಕ್ಕೆ ಕರೆತಂದು ಮತ್ತೆ ಮೂರು ಸಲ ಮಗುಚುತ್ತದೆ.

‘ಮಗ ಬಿದ್ದರೆ?’ ಎಂಬುದು ತಾಯಂದಿರ ಮೊದಲ ಪ್ರಶ್ನೆ. ವರ್ತುಲದ ತುದಿಯಲ್ಲಿ ಸಾಕಷ್ಟು ವೇಗವಿದ್ದಾಗ ದೇಹ ಪಟ್ಟಿಗೆ ಜೋತು ಬೀಳುವುದಿಲ್ಲ, ಸೀಟಿಗೇ ಒತ್ತಿಕೊಳ್ಳುತ್ತದೆ. ‘ತಲೆಕೆಳಗಾದದ್ದೇ ಗೊತ್ತಾಗಲಿಲ್ಲ’ ಎಂದು ಕೆಲವು ಮಕ್ಕಳು ಹೇಳುವುದು ಬರೀ ಜಂಬವಲ್ಲ. 1895ರಲ್ಲಿ ಅಮೆರಿಕದ ಕೋನಿ ಐಲ್ಯಾಂಡ್‌ನಲ್ಲಿ ಕಟ್ಟಿದ ‘ಫ್ಲಿಪ್ ಫ್ಲ್ಯಾಪ್’ನ ವರ್ತುಲ ಪೂರ್ತಿ ದುಂಡಗಿತ್ತು, ಅದರೊಳಗೆ ನುಗ್ಗುವಾಗಿನ ಜಗ್ಗಾಟಕ್ಕೆ ಸವಾರರ ಕುತ್ತಿಗೆ ಸೋಲುತ್ತಿತ್ತು. ಈಗಿನ ವರ್ತುಲಗಳು ನೀರಹನಿಯ ಆಕಾರದವು, ಮೇಲೆ ಕಿರಿದು, ಕೆಳಗೆ ಹರವು. ಹಾಗಾಗಿ ಭಾರ ಒಮ್ಮೆಲೇ ಬಂದು ಬಡಿಯುವುದಿಲ್ಲ. ಆದರೂ ಕೆಳಗಿನ ತಿರುವಿನಲ್ಲಿ ಮೈತೂಕ ಕೆಲವು ಕ್ಷಣ ಹಲವು ಪಟ್ಟು ಹೆಚ್ಚಿದಂತಾಗುತ್ತದೆ. ತಲೆಯನ್ನು ಹಿಂದಿನ ಆಸರೆಗೆ ಒತ್ತಿಕೊಂಡು ಕೂರಬೇಕು ಎನ್ನುವುದು ಅದಕ್ಕೇ.

ವಾಂತಿಗೆ ಕಾರಣ ಹೊಟ್ಟೆಗಿಂತ ಹೆಚ್ಚಾಗಿ ಕಿವಿ. ಒಳಗಿವಿಯ ದ್ರವ ಒಂದು ಸುದ್ದಿ ಹೇಳುತ್ತದೆ, ಕಣ್ಣು ಇನ್ನೊಂದು. ಮಿದುಳು ಗೊಂದಲಕ್ಕೆ ಬೀಳುತ್ತದೆ. ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಇದು ಹೆಚ್ಚುತ್ತದೆ, ಮುಂದಿನ ಹಳಿ ನೋಡುತ್ತಿರುವುದು ಮೇಲು. ಬಸ್ಸಿನಲ್ಲೇ ಓಕರಿಸುವ ಮಗುವಿಗೆ ಮೊದಲ ದಿನವೇ ಈ ಸವಾರಿ ಬೇಡ. ದಾರಿಯಲ್ಲಿ ಬಿರಿಯಾನಿ ಹೊಡೆದು ನೇರ ಸಾಲಿಗೆ ನಿಲ್ಲುವುದಂತೂ ಬೇಡವೇ ಬೇಡ. ಹೃದಯದ ತೊಂದರೆ, ಮೂರ್ಛೆ ರೋಗ, ಕುತ್ತಿಗೆ–ಬೆನ್ನಿನ ನೋವು, ಇತ್ತೀಚಿನ ಆಪರೇಷನ್ ಇದ್ದರೆ ಹತ್ತಿಸಲೇಬಾರದು. ಎತ್ತರದ ಕಡ್ಡಿಗೆ ಎರಡು ಬೆರಳು ಕಡಿಮೆ ಬಿದ್ದ ಮಗುವನ್ನು ‘ಬಿಡ್ರೀ ಸಾಹೇಬ್ರ’ ಎಂದು ಒಳಗೆ ತಳ್ಳಿಸುವವರಿದ್ದಾರೆ. ಭುಜದ ಪಟ್ಟಿ ಆ ಅಳತೆಯ ಮೈಗೆಂದೇ ಮಾಡಿದ್ದು. ಅಲ್ಲಿ ಶಿಫಾರಸು ನಡೆಯಬಾರದು. ಜಾತ್ರೆಯ ತೊಟ್ಟಿಲಿಗೂ ಇದೇ ಎಚ್ಚರ ಬೇಕು: ಅಡ್ಡಸರಳಿನ ಕೊಂಡಿಯನ್ನು ನೀವೇ ಎಳೆದು ನೋಡಿ, ಹುಡುಗಿಯರ ಜಡೆ, ದುಪಟ್ಟಾ ಬಿಗಿಯಾಗಿ ಕಟ್ಟಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಮಾತೊಂದಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಭಯ ತುಂಬಿದ ಗಳಿಗೆಗಳನ್ನು ಮಿದುಳು ಗಟ್ಟಿಯಾಗಿ ಬರೆದಿಟ್ಟುಕೊಳ್ಳುತ್ತದೆ; ಅಡ್ರಿನಲಿನ್‌ನ ಕೆಲಸ ಅದು. ಸವಾರಿ ಮುಗಿಯುವುದು ಒಂದೆರಡು ನಿಮಿಷದಲ್ಲಿ. ಅದರ ಹಿಂದೆಮುಂದೆ ಅಪ್ಪ ಏನಂದ, ಅಕ್ಕ ಹೇಗೆ ನಕ್ಕಳು ಎಂಬುದೂ ಅದರ ಜೊತೆಗೇ ಅಚ್ಚಾಗಿಬಿಡುತ್ತದೆ. ‘ಗಂಡಸಾಗಿ ಅಂಜ್ತಿ ಏನೋ?’ ಎನ್ನಿಸಿಕೊಂಡು ಹತ್ತಿದ ಹುಡುಗನಿಗೆ ಮುಂದೆ ನೆನಪಾಗುವುದು ವರ್ತುಲವೋ ಆ ಮಾತೋ, ನೀವೇ ಊಹಿಸಿ. ಅಂಜಿದ ಮಗುವಿಗೆ ‘ಅಂಜಬ್ಯಾಡ’ ಎನ್ನುವುದಕ್ಕಿಂತ ಏನೇನಾಗುತ್ತದೆಂದು ಮೊದಲೇ ಹೇಳುವುದು ಉಪಯುಕ್ತ: ನಿಧಾನ ಮೇಲೇರುತ್ತದೆ, ಅಲ್ಲೇ ಹೆಚ್ಚು ಅಂಜಿಕೆ, ಕೆಳಗಿಳಿಯುವಾಗ ಹೊಟ್ಟೆ ಹಗುರಾಗುತ್ತದೆ, ಕಿರುಚಿದರೆ ತಪ್ಪಿಲ್ಲ. ಒಂದು ಸುತ್ತು ನಿಂತು ನೋಡಲಿ. ಸಾಲಿನ ತುದಿಯಲ್ಲಿ ‘ಒಲ್ಲೆ’ ಎಂದರೆ ಕೈಹಿಡಿದು ಹೊರಗೆ ಬನ್ನಿ. ಟಿಕೆಟ್ ದುಡ್ಡಿನ ಮಾತು ಎತ್ತಬೇಡಿ.

ಇಳಿದ ಮೇಲೆ ಕಾಲು ನಡುಗುವುದು, ಸ್ವಲ್ಪ ಹೊತ್ತು ತಲೆ ತಿರುಗುವುದು ಸಹಜ. ತಲೆನೋವು, ಕುತ್ತಿಗೆನೋವು ಹೆಚ್ಚುತ್ತ ಹೋದರೆ, ವಾಂತಿ ಮರುಕಳಿಸಿದರೆ ಊರು ಮುಟ್ಟುವವರೆಗೂ ಕಾಯದೆ ವೈದ್ಯರಿಗೆ ತೋರಿಸಿ.

ಮರಳುವ ದಾರಿಯಲ್ಲಿ ‘ಮಜಾ ಬಂತಾ?’ ಎಂದಷ್ಟೇ ಕೇಳಿ ಮೊಬೈಲಿಗೆ ತಿರುಗಬೇಡಿ. ಎಲ್ಲಿ ಕಣ್ಣು ಮುಚ್ಚಿದೆ, ಏನು ಕೇಳಿಸಿತು, ಆಕಾಶ ಎಲ್ಲಿತ್ತು ಎಂದು ಬಿಡಿಸಿ ಕೇಳಿ. ಹೀಗೆ ಮಾತಾಡಿಸಿದ ಮಕ್ಕಳ ನೆನಪು ಹೆಚ್ಚು ವಿವರವಾಗಿ ಉಳಿಯುತ್ತದೆಂಬುದನ್ನು ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ಮಗು ಹೇಳುವಾಗ ಒಂದಿಷ್ಟು ಉತ್ಪ್ರೇಕ್ಷೆ ಬಂದರೆ ತಿದ್ದಲು ಹೋಗಬೇಡಿ, ಕೇಳಿಸಿಕೊಳ್ಳಿ.