ತಡವಾಗಿ ಬಂದ ಮಾತು, ಮರಳಿ ಬಂದ ನೆನಪು

ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಅದನ್ನು ಪೂರ್ತಿ ಮರೆತು, ಹತ್ತಿಪ್ಪತ್ತು ವರ್ಷಗಳ ಮೇಲೆ ನೆನಪಿಸಿಕೊಳ್ಳಲು ಸಾಧ್ಯವೆ? ಆ ನೆನಪನ್ನು ನಂಬಬಹುದೆ? 1990ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯ ಮೇಲೆ ಎರಡು ಬಣಗಳಾದರು. ಈ ಚರ್ಚೆಗೆ ಹೊಸಬರಾದವರು ಮೊದಲು ಒಂದು ವಿಷಯ ತಿಳಿದಿರಬೇಕು: ಬಾಯಿಬಿಡದಿರುವುದು ಬೇರೆ, ಮರೆಯುವುದು ಬೇರೆ.

ಮುಂಬಯಿಯ ಕೊಲಾಬಾದಲ್ಲಿ ಬೀದಿಮಕ್ಕಳಿಗೆಂದು ನಡೆಯುತ್ತಿದ್ದ ಆಂಕರೇಜ್ ಆಶ್ರಯಧಾಮದ ಪ್ರಕರಣ ನೋಡಿ. ಅಲ್ಲಿನ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂಬ ದೂರು 2001ರಲ್ಲಿ ಹೊರಬಂತು. ಬ್ರಿಟಿಷ್ ಪ್ರಜೆಗಳಾದ ಡಂಕನ್ ಗ್ರಾಂಟ್, ಅಲನ್ ವಾಟರ್ಸ್ ಅವರಿಗೆ 2006ರಲ್ಲಿ ಶಿಕ್ಷೆಯಾಯಿತು. 2008ರಲ್ಲಿ ಬಾಂಬೆ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಲ್ಲಿ ಮರೆವಿನ ಮಾತೇ ಇರಲಿಲ್ಲ. ಹುಡುಗರ ಸಾಕ್ಷ್ಯ ನಂಬಲು ತಕ್ಕದ್ದೆ ಎಂಬುದೇ ವಾದದ ತಿರುಳು. ನಮ್ಮಲ್ಲಿ ಹೆಚ್ಚಿನವರು ನೆನಪಿದ್ದೂ ಅಂಜಿಕೆಯಿಂದ, ಮನೆತನದ ಮಾನದ ನೆಪದಿಂದ ಸುಮ್ಮನಿರುತ್ತಾರೆ.

ಆದರೆ ಮರೆಯುವುದೂ ಇರಬಹುದು. ಬಾಲ್ಯದಲ್ಲಿ ದೌರ್ಜನ್ಯವಾದದ್ದಕ್ಕೆ ಆಸ್ಪತ್ರೆಯ ದಾಖಲೆಯೇ ಇದ್ದ 129 ಮಹಿಳೆಯರನ್ನು ಅಮೆರಿಕದ ಸಂಶೋಧಕಿ ಲಿಂಡಾ ವಿಲಿಯಮ್ಸ್ ಹದಿನೇಳು ವರ್ಷಗಳ ನಂತರ ಮಾತನಾಡಿಸಿದರು. 1994ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶೇ. 38ರಷ್ಟು ಮಂದಿ ಆ ಘಟನೆಯನ್ನು ಹೇಳಲಿಲ್ಲ. ಮರೆತಿದ್ದರೋ, ಹೇಳಲು ಇಷ್ಟವಿರಲಿಲ್ಲವೋ ಎಂಬ ಚರ್ಚೆ ಮುಗಿದಿಲ್ಲ. ಇನ್ನೊಂದು ಕಡೆ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ, 'ನೀನು ಚಿಕ್ಕಂದಿನಲ್ಲಿ ಮಾಲ್‌ನಲ್ಲಿ ಕಳೆದುಹೋಗಿದ್ದೆ' ಎಂಬ ಕಟ್ಟುಕಥೆಯನ್ನು 24 ಜನರ ಮುಂದಿಟ್ಟರು. ಸುಮಾರು ಕಾಲುಭಾಗದವರು ಅದನ್ನು ತಮ್ಮದೇ ನೆನಪೆಂದು ಒಪ್ಪಿದರು.

ನಡೆದದ್ದನ್ನು ಮರೆಯುವುದು, ನಡೆಯದ್ದನ್ನು ನೆನೆಯುವುದು, ಇವೆರಡೂ ಒಟ್ಟಿಗೆ ನಿಜವಾಗಿರಬಹುದು. ನೆನಪು ಗೋಡೆಯ ಮೇಲಿನ ಫೋಟೊ ಅಲ್ಲ. ಪ್ರತಿ ಸಲ ನೆನೆದಾಗಲೂ ಮನಸ್ಸು ಅದನ್ನು ಹೊಸದಾಗಿ ಜೋಡಿಸುತ್ತದೆ. ಆದ್ದರಿಂದ ನೆನಪು ತಾನಾಗಿ ಬಂತೋ, ಸಂಮೋಹನದಿಂದಲೋ ಒತ್ತಾಯದ ಪ್ರಶ್ನೆಗಳಿಂದಲೋ ಬಂತೋ ಎಂದು ವಿಚಾರಿಸುವುದು ಮುಖ್ಯ. 'ಯಾರೋ ನಿನಗೆ ಏನೋ ಮಾಡಿರಬೇಕು' ಎಂದು ಸೂಚಿಸುವ ಆಪ್ತಸಮಾಲೋಚಕರು ಸತ್ಯಕ್ಕೂ ಸಂತ್ರಸ್ತರಿಗೂ ಕೇಡು ಮಾಡುತ್ತಾರೆ.

ನಮ್ಮ ಕಾನೂನು ಈಗ ತಡವಾದದ್ದೊಂದನ್ನೇ ದೋಷವೆನ್ನುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ ಅಡಿಯಲ್ಲಿ ದೂರು ಕೊಡಲು ಕಾಲಮಿತಿಯಿಲ್ಲವೆಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿದೆ. ಆದರೆ 2012ರಲ್ಲಿ ಜಾರಿಗೆ ಬರುವ ಮೊದಲು ನಡೆದ ಕೃತ್ಯಗಳಿಗೆ ಆ ಕಾಯ್ದೆ ಅನ್ವಯಿಸದು. ಅವಕ್ಕೆ ಹಳೆಯ ದಂಡ ಸಂಹಿತೆಯೇ ಗತಿ.

ಯಾರಾದರೂ ನಿಮ್ಮ ಬಳಿ ಮನಸ್ಸು ಬಿಚ್ಚಿದರೆ ಅವರ ಬಾಯಿಗೆ ಮಾತು ತುರುಕಬೇಡಿ. 'ಇಷ್ಟು ದಿನ ಯಾಕೆ ಹೇಳಲಿಲ್ಲ?' ಎಂದೂ ಕೇಳಬೇಡಿ. ಸಾವಧಾನವಾಗಿ ಕೇಳಿಸಿಕೊಳ್ಳಿ. ಈಗ ಯಾವುದೇ ಮಗು ಅಪಾಯದಲ್ಲಿದ್ದರೆ, 1996ರಲ್ಲಿ ಮುಂಬಯಿಯಲ್ಲೇ ಶುರುವಾದ ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೇ ಕರೆ ಮಾಡಿ.