ಹಿಂದಿನ ಸ್ಪೀಕರ್ ಮೂಕವಾಗಿದ್ದರೆ

ಡಿವಿಡಿ ಪ್ಲೇಯರನ್ನು ಹೋಮ್ ಥಿಯೇಟರಿಗೆ ಜೋಡಿಸಿದ ಮೇಲೂ ಹಿಂದಿನ ಸ್ಪೀಕರ್‌ಗಳು ಸುಮ್ಮನಿವೆಯೇ? ಅವು ಕೆಟ್ಟಿವೆ ಎಂದುಕೊಳ್ಳುವ ಮೊದಲು ಪ್ಲೇಯರಿನ ಬೆನ್ನು ನೋಡಿ. ಬರೀ ಕೆಂಪು-ಬಿಳಿ ಪಿನ್ನಿನ ವೈರಿದ್ದರೆ ಅದರಲ್ಲಿ ಹರಿಯುವುದು ಎಡ, ಬಲ ಎರಡೇ ದನಿ. 5.1ರ ಆರೂ ದನಿಗಳನ್ನು ಒಂದೇ ವೈರಿನಲ್ಲಿ ತರಲು ಆಪ್ಟಿಕಲ್, ಕೊಆಕ್ಸಿಯಲ್ ಇಲ್ಲವೇ ಎಚ್‌ಡಿಎಂಐ ಬೇಕು. ಬ್ಲೂ-ರೇ ಇದ್ದವರು ಎಚ್‌ಡಿಎಂಐ ಹಾಕುವುದೇ ಮೇಲು. ಏಕೆಂದರೆ ಬ್ಲೂ-ರೇ ಡಿಸ್ಕಿನಲ್ಲಿ ಬರುವ ಡಾಲ್ಬಿ ಟ್ರೂಎಚ್‌ಡಿ ಎಂಬ ಬಗೆಯ ಸದ್ದು ಆಪ್ಟಿಕಲ್‌ನಲ್ಲಿ ಹಾಯುವುದಿಲ್ಲ.

ಆಪ್ಟಿಕಲ್ ವೈರಿನ ತುದಿಗೆ ಪುಟ್ಟ ಪ್ಲಾಸ್ಟಿಕ್ ಟೋಪಿ ಇರುತ್ತದೆ, ತೆಗೆದು ಚುಚ್ಚಿ. ಮಡಚಲೇಬೇಡಿ, ಒಳಗೆ ಓಡುವುದು ಬೆಳಕು.

ಆಮೇಲೂ ಹಿಂದಿನಿಂದ ಸದ್ದು ಬರದಿದ್ದರೆ ಪ್ಲೇಯರಿನ ಆಡಿಯೊ ಸೆಟ್ಟಿಂಗ್‌ನಲ್ಲಿ ಪಿಸಿಎಂ ಬದಲು ಬಿಟ್‌ಸ್ಟ್ರೀಮ್ ಆರಿಸಿ. ಡಿಸ್ಕಿನ ಮೆನುವಿನಲ್ಲೂ 5.1 ಆಯ್ಕೆ ಆಗಿದೆಯೇ ನೋಡಿ. ಹಳೆಯ ಸಿನಿಮಾಗಳ ಎಷ್ಟೋ ಡಿಸ್ಕ್‌ಗಳಲ್ಲಿ ಅದು ಇರುವುದೇ ಇಲ್ಲ.